ಮಾತ್ರೆ ಕರಗಲಿಲ್ಲ, ಅಂಗಿ ಉಳಿಯಲಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ನಾನು ಕೇಳಿದ್ದು ಒಂದೇ ಒಂದು ಪ್ರಶ್ನೆ. "ಅಲ್ರೀ, ಎಸ್‌ಟಿಪಿಗೆ ಇಷ್ಟೊಂದು ಖರ್ಚು ಯಾಕೆ?" ಕೇಳಿದವನ ಕೊರಳಿಗೇ ಕೆಲಸ ಕಟ್ಟುವುದು ದಾವಣಗೆರೆ ಮಂದಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಮಂಡಕ್ಕಿ ಮಿರ್ಚಿ ತಟ್ಟೆ ಖಾಲಿಯಾಗುವಷ್ಟರಲ್ಲಿ ಎಸ್‌ಟಿಪಿ, ಅಂದರೆ ಇಪ್ಪತ್ತನಾಲ್ಕು ಮನೆಗಳ ಕೊಳಚೆ ನೀರು ಶುದ್ಧ ಮಾಡುವ ಘಟಕದ ಉಸ್ತುವಾರಿ ನನ್ನದಾಗಿತ್ತು. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡ್ಡು ಎಣಿಸಿದವನು ನಾನು. ನೀರಿನ ವಿಷಯದಲ್ಲಿ ನನ್ನ ಅನುಭವ ನಲ್ಲಿ ತಿರುಗಿಸುವುದಷ್ಟೇ.

ಎಸ್‌ಟಿಪಿಯ ಕೊನೆಯಲ್ಲಿ ಕ್ಲೋರಿನೇಟರ್ ಅಂತ ಒಂದಿದೆ. ಹೆಸರು ಕೇಳಿ ಭಾರೀ ಯಂತ್ರ ಅಂದುಕೊಂಡಿದ್ದೆ. ನೋಡಿದರೆ ಪ್ಲಾಸ್ಟಿಕ್ ಡಬ್ಬಿಯೊಳಗೆ ನೆಟ್ಟಗೆ ನಿಂತ ಒಂದು ಪೈಪು. ಬುಡದಲ್ಲಿ ಸೀಳು, ಮೇಲೆ ಮುಚ್ಚಳ. ಒಳಗೆ ಒಂದರ ಮೇಲೊಂದು ಬಿಳೀ ಮಾತ್ರೆ, ದೂದ್ ಪೇಡಾದ ದೊಡ್ಡಣ್ಣನ ಹಾಗೆ. ಶುದ್ಧವಾಗಿ ಬಂದ ನೀರು ಬುಡದಲ್ಲಿ ಹರಿಯುವಾಗ ಕೆಳಗಿನ ಮಾತ್ರೆ ಅಷ್ಟಷ್ಟೇ ಕರಗಬೇಕು, ಮೇಲಿನದು ಜಾರಿ ಇಳಿಯಬೇಕು. ಆಮೇಲೆ ಆ ನೀರು ಮುಂದಿನ ತೊಟ್ಟಿಯಲ್ಲಿ ಅರ್ಧ ಗಂಟೆ ನಿಂತರೆ ಕ್ರಿಮಿಗಳ ಕತೆ ಮುಗೀತು. ಮೋಟಾರಿಲ್ಲ, ಸ್ವಿಚ್ಚಿಲ್ಲ.

"ಬೀದಿಗೊಬ್ಬ ಡಾಕ್ಟರಿರೋ ಊರಲ್ಲಿ ಸಂಡಾಸಿನ ನೀರಿಗೆ ಮಾತ್ರೆ ಕೊಡೋ ಡಾಕ್ಟರು ನೀವೊಬ್ಬರೇ ನೋಡ್ರಿ" ಅಂದಳು ನನ್ನವಳು.

ಎಸ್‌ಟಿಪಿ ನೋಡಿಕೊಳ್ಳುವ ಹುಡುಗ ಅಕ್ಕನ ಮದುವೆಗೆ ಅಂತ ಊರಿಗೆ ಹೋದ. ಹೋಗುವಾಗ ಗ್ಲೌಸು, ಕನ್ನಡಕ, ವಾರಕ್ಕೊಂದು ಟೆಸ್ಟು ಅಂತೆಲ್ಲ ಹೇಳಿದ. ನನ್ನ ಕಿವಿಗೆ ಬಿದ್ದದ್ದು "ಎಲ್ಲಾ ಸರಿ ಐತಿ ಸಾರ್" ಅನ್ನುವುದು ಮಾತ್ರ. ದೂರದಿಂದಲೇ ದಿನಾ ಪೈಪು ನೋಡುತ್ತಿದ್ದೆ. ಮಾತ್ರೆ ತುಂಬಿಯೇ ಇರುತ್ತಿತ್ತು. ವಾರವಾಯಿತು, ಎರಡು ವಾರವಾಯಿತು, ಒಂದೂ ಇಳಿಯಲಿಲ್ಲ! ಖರ್ಚು ಸೊನ್ನೆ. ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಬೆಣ್ಣೆ ದೋಸೆ ಹೋಟೆಲಿನ ಸಾಲಿನಲ್ಲಿ, ಸಿಕ್ಕಿದವರಿಗೆಲ್ಲ ನನ್ನ ಉಳಿತಾಯದ ಲೆಕ್ಕ ಒಪ್ಪಿಸಿದೆ.

ಅಷ್ಟರಲ್ಲಿ ಕೆಳಗಿನ ಮನೆಯವರು ಬಂದರು. "ಗಿಡಕ್ಕೆ ಬಿಡೋ ನೀರು ಗಬ್ಬು ನಾತ ಹೊಡೀತಿದೆಯಲ್ರೀ?" ಅಂದರು. ಹುಡುಗ ಬಿಟ್ಟುಹೋದ ಟೆಸ್ಟ್ ಕಿಟ್ ಹುಡುಕಿ ತೆಗೆದೆ. ನೀರಿಗೆ ಡಿಪಿಡಿ ಪುಡಿ ಹಾಕಿದರೆ ಕ್ಲೋರಿನ್ ಇದ್ದಷ್ಟೂ ಗುಲಾಬಿ ಬಣ್ಣ ಬರಬೇಕು. ಸೀಸೆ ಅಲ್ಲಾಡಿಸಿದೆ. ಬಿಸಿಲಿಗೆ ಹಿಡಿದೆ. ಕನ್ನಡಕ ಒರೆಸಿಕೊಂಡು ನೋಡಿದೆ. ಗುಲಾಬಿ ಹೋಗಲಿ, ಗುಲಾಬಿಯ ನೆರಳೂ ಇಲ್ಲ.

ಪೈಪು ತುಂಬ ಮಾತ್ರೆ, ನೀರಲ್ಲಿ ಕ್ಲೋರಿನ್ ಇಲ್ಲ. ಇದೆಂಥ ಮಾಯೆ ಅಂತ ಮುಚ್ಚಳ ತಿರುಗಿಸಿ, ಬಾವಿಗೆ ಬಗ್ಗಿದ ಹಾಗೆ ಇಣುಕಿದೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಮುಚ್ಚಿದ ಪೈಪಿನಲ್ಲಿ ಕಾದು ಕೂತಿದ್ದ ಕ್ಲೋರಿನ್ ಗಾಳಿ ನೆಟ್ಟಗೆ ನನ್ನ ಮುಖಕ್ಕೇ ಬಂತು. ಸೀದ ಒಗ್ಗರಣೆಯ ಘಾಟು ಇದರ ಮುಂದೆ ಅಗರಬತ್ತಿ. ಕಣ್ಣು ಮುಚ್ಚಿಕೊಂಡಿತು, ಗಂಟಲು ಕಟ್ಟಿತು, ಮೂಗು ಧಾರಾಕಾರ. ಟವೆಲ್ ಸುತ್ತಿಕೊಂಡೆ. ಬಟ್ಟೆಗೆ ಗಾಳಿ ನಿಲ್ಲುತ್ತಾ? ಓಡಿಹೋಗಿ ಗೇಟಿನ ಹತ್ತಿರ ಗಾಳಿಗೆ ನಿಂತು ಕೆಮ್ಮಿದೆ. ಕೈಗೆ ಮೆತ್ತಿದ್ದ ಬಿಳೀ ಪುಡಿಯನ್ನು ಮರೆತು ಅಂಗಿಗೆ ಒರೆಸಿಕೊಂಡೆ. ಮಗಳು ಯುಗಾದಿಗೆ ಕೊಡಿಸಿದ ಮರೂನ್ ಅಂಗಿ.

ಹುಡುಗನಿಗೆ ಫೋನ್ ಮಾಡಿದೆ.

"ಮುಖ ಬಗ್ಸಿದ್ರಾ ಸಾರ್?"

"ಇಲ್ಲಪ್ಪ" ಅಂದೆ. ಹೇಳಿ ಮುಗಿಯುವ ಮೊದಲೇ ಕೆಮ್ಮು ಬಂತು.

ಆಗಿದ್ದು ಇಷ್ಟು. ಹುಡುಗ ಊರಿಗೆ ಹೋದ ದಿನ ನಾನು ಧಾರಾಳಿಯಾಗಿ ಪೈಪನ್ನು ಕಂಠಮಟ್ಟ ತುಂಬಿದ್ದೆ. ಕೆಳಗಿನ ತೇವ ಮೇಲೇರಿ ಮಾತ್ರೆಗಳು ಉಬ್ಬಿ, ಮಳೆಗಾಲದ ಬೆಲ್ಲದ ಹಾಗೆ ಒಂದಕ್ಕೊಂದು ಅಂಟಿ ಪೈಪಿಗೆ ಕಚ್ಚಿಕೊಂಡಿದ್ದವು. ಬುಡದ್ದು ಎಂದೋ ಕರಗಿತ್ತು. ಮೇಲಿನವು ಅಂತರದಲ್ಲಿ ತೂಗುತ್ತಿದ್ದವು. ನೀರು ಅವುಗಳ ಅಡಿಯಲ್ಲಿ ತಲೆ ತಗ್ಗಿಸಿಕೊಂಡು, ಸಾಲ ಕೊಟ್ಟವನ ಅಂಗಡಿ ಮುಂದೆ ಹೋದ ಹಾಗೆ, ಹೋಗಿಬಿಡುತ್ತಿತ್ತು. ನನ್ನ ಉಳಿತಾಯದ ಗುಟ್ಟು ಅದು.

"ಕೋಲಲ್ಲಿ ತಿವೀಲಾ?"

"ಬ್ಯಾಡ್ರಿ! ಗ್ಲೌಸು, ಕನ್ನಡಕ ಹಾಕ್ಕಳ್ರಿ. ಗಾಳಿ ಬೆನ್ನ ಕಡೆಯಿಂದ ಬರಂಗೆ ನಿಂತು, ಮುಖ ಆಕಡೆ ತಿರುಗಿಸ್ಕಂಡು ಪೈಪ್ ಎತ್ರಿ. ಆ ತೊಟ್ಟಿ ಮೇಲೆಯೇ ಜಾಸ್ತಿ ನೀರು ಬಿಟ್ಟು ತೊಳೀರಿ. ಗಾಳಿ ಊದೋ ಏರೇಷನ್ ಟ್ಯಾಂಕಿಗೆ ಮಾತ್ರ ಹೋಗಬಾರ್ದು, ಕೊಳಚೆ ತಿನ್ನೋ ಬ್ಯಾಕ್ಟೀರಿಯಾ ಸತ್ತೋಗ್ತಾವೆ. ಒದ್ದೆ ಚೂರು ವಾಪಸ್ ಮಾತ್ರೆ ಡ್ರಮ್ಮಿಗೆ ಹಾಕಬ್ಯಾಡ್ರಿ ಮತ್ತೆ."

ಇಷ್ಟರಲ್ಲಿ ಕೆಳಗಿನ ಮನೆಯವರು ಒಂದು ಕವರ್ ಹಿಡಿದು ಬಂದರು. ಅವರ ಭಾಮೈದ ಈಜುಕೊಳದಲ್ಲಿ ಕೆಲಸಕ್ಕಿದ್ದಾನೆ. "ಇವೂ ಕ್ಲೋರಿನ್ ಮಾತ್ರೆನೇ, ಪುಕ್ಕಟೆ ತಗೊಳ್ಳಿ" ಅಂದರು. ಅದೇ ಬಿಳುಪು, ಅದೇ ಪೇಡಾ. ಪುಕ್ಕಟೆ ಅಂದ ತಕ್ಷಣ ನನ್ನೊಳಗಿನ ಬ್ಯಾಂಕಿನವನು ಎದ್ದು ಕೂತ. ನಮ್ಮವುಗಳ ಜೊತೆ ನಾಲ್ಕು ಹಾಕಿದರೆ ಹೇಗೆ ಅಂತ ಫೋನಿನಲ್ಲೇ ಕೇಳಿದೆ.

"ಕೆಳಗಿಡ್ರಿ ಸಾರ್! ಮೊದ್ಲು ಕೆಳಗಿಡ್ರಿ!"

ನಮ್ಮದು ಕ್ಯಾಲ್ಸಿಯಂ ಹೈಪೋಕ್ಲೋರೈಟು. ಈಜುಕೊಳದ್ದು ಸಾಮಾನ್ಯವಾಗಿ ಟ್ರೈಕ್ಲೋರು. ಎರಡನ್ನೂ ಒಂದೇ ಪೈಪಿನಲ್ಲಿ ತೇವದ ಜೊತೆ ಕೂಡಿಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ನಾನು ಕವರನ್ನು ಮಗುವಿನಂತೆ ನಿಧಾನಕ್ಕೆ ಕೆಳಗಿಟ್ಟೆ. ಕೆಳಗಿನ ಮನೆಯವರು ಆಗಲೇ ಕೆಳಗಿನ ಮನೆ ಸೇರಿದ್ದರು.

"ಅಂದಂಗೆ ಸಾರ್, ನಮ್ಮ ಡ್ರಮ್ ಎಲ್ಲೈತಿ?"

"ಭದ್ರವಾಗಿದೆಯಪ್ಪ. ಸ್ಟೋರ್ ರೂಮಿನಲ್ಲಿ. ಟಾಯ್ಲೆಟ್ ಆಸಿಡ್ ಕ್ಯಾನಿನ ಪಕ್ಕ, ಜನರೇಟರ್ ಡೀಸೆಲ್ ಹತ್ತಿರ."

ಲೈನು ಕಟ್ಟಾಯಿತು ಅಂದುಕೊಂಡೆ. ಇಲ್ಲ, ಹುಡುಗ ಉಸಿರು ಬಿಡುತ್ತಿದ್ದ. ಆಸಿಡ್ ತಗುಲಿದರೆ ಮಧ್ಯಾಹ್ನ ನಾನು ಕುಡಿದ ಗಾಳಿಯೇ ರೂಮು ತುಂಬ. ಡೀಸೆಲ್ ತಗುಲಿದರೆ ಬೆಂಕಿ. ಆ ಸಂಜೆ ಡ್ರಮ್ಮಿಗೆ ಒಣ ಜಾಗದಲ್ಲಿ, ಗಾಳಿಯಾಡುವ ಬೇರೆ ಮನೆ ಮಾಡಿಕೊಟ್ಟೆ.

ಪೈಪು ತೊಳೆದು, ಒಣಗಿಸಿ, ಅರ್ಧಕ್ಕಷ್ಟೇ ಮಾತ್ರೆ ಹಾಕಿದೆ. ಮರುದಿನ ಸೀಸೆಯಲ್ಲಿ ತಿಳಿ ಗುಲಾಬಿ ಬಂತು. ಅಂಗಿಯಲ್ಲೂ ಬಂತು, ಮರೂನಿನ ನಡುವೆ ಐದು ಬೆರಳಿನ ಗುರುತು. "ಯಾರು ಹೊಡೆದದ್ದು ಅಂತ ಕೇಳ್ತಾರೆ, ನಾನಲ್ಲ ಅಂತ ನೀವೇ ಹೇಳಬೇಕು" ಅಂದಳು ನನ್ನವಳು.

ಮುಂದಿನ ಸಭೆಗೆ ಅದೇ ಅಂಗಿ ಹಾಕಿಕೊಂಡು ಹೋದೆ. ಲೆಕ್ಕ ಓದಿದೆ. ಮೂಲೆಯಿಂದ ಹೊಸದಾಗಿ ಬಂದ ಮೂರನೇ ಮಹಡಿಯವರು ಕೈ ಎತ್ತಿದರು.

"ಅಲ್ರೀ, ಮಾತ್ರೆಗೆ ಇಷ್ಟೊಂದು ಖರ್ಚು ಯಾಕೆ?"

ಕಡುನೀಲಿ ಬಣ್ಣದ ಒಳ್ಳೇ ಅಂಗಿ ಹಾಕಿದ್ದರು. ನಾನು ಮಂಡಕ್ಕಿ ತಟ್ಟೆಯನ್ನು ಅವರ ಮುಂದೆ ಸರಿಸಿದೆ.