ದಯವಿಟ್ಟು ಕೈಯಾಡಿಸಬೇಡಿ

ಶಕ್ಷೂಕ ಮಾಡುವುದು ಕಷ್ಟವಲ್ಲ. ಮಾಡಿ ಒಲೆ ಮೇಲೆ ಸುಮ್ನೆ ಬಿಡುವುದು ಕಷ್ಟ, ಅದರಲ್ಲೂ ನಮ್ಮ ಮನೆಯಲ್ಲಿ.

ಟ್ಯುನೀಷಿಯಾ, ಲಿಬಿಯಾ ಕಡೆಯ ತಿಂಡಿ ಇದು. ಅಲ್ಲಿಂದ ವಲಸೆ ಹೋದ ಯಹೂದಿಗಳು ಇಸ್ರೇಲಿಗೂ ಕೊಂಡೊಯ್ದರು. ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ ಬಾಡಿಸಿ, ಜೀರಿಗೆ ಪುಡಿ, ಖಾರದ ಪುಡಿ, ಟೊಮೆಟೊ ಹಾಕಿ ಗೊಜ್ಜು ಮಾಡಬೇಕು. ಅದರಲ್ಲಿ ಸೌಟಿನಿಂದ ಗುಳಿ ಮಾಡಿ ಮೊಟ್ಟೆ ಒಡೆದು ಬಿಡಬೇಕು. ಅವರ ಪ್ಯಾಪ್ರಿಕಾ ಬದಲು ನಾನು ಬ್ಯಾಡಗಿ ಮೆಣಸಿನ ಪುಡಿ ಹಾಕುತ್ತೇನೆ. ಬಣ್ಣ ಜಾಸ್ತಿ, ಖಾರ ಕಮ್ಮಿ. ಇನ್ನೇನು ಬೇಕು? ನಾಟಿ ಟೊಮೆಟೊ ಆದರೆ ಹುಳಿ ಚೆನ್ನಾಗಿರುತ್ತದೆ, ನೀರು ಇಂಗಿ ಎಣ್ಣೆ ಬಿಡುವವರೆಗೆ ಕೈಯಾಡಿಸುತ್ತಾ ಇರಬೇಕು ಅಷ್ಟೆ.

ಅಲ್ಲಿಗೆ ಕೈಯಾಡಿಸುವ ಕೆಲಸ ಮುಗಿಯಿತು. ಮೊಟ್ಟೆ ಬಿದ್ದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ, ಐದಾರು ನಿಮಿಷ ತಿರುಗಿಯೂ ನೋಡಬಾರದು. ಬಿಳಿ 62 ಡಿಗ್ರಿ ಸುಮಾರಿಗೇ ಗಟ್ಟಿಯಾಗತೊಡಗುತ್ತದೆ, ಹಳದಿ ದಪ್ಪಗಾಗಲು 65 ದಾಟಬೇಕು. ಬಿಳಿ ಬೆಂದಿರಬೇಕು, ಹಳದಿ ಹರಿಯಬೇಕು. ಮಜಾ ಇರುವುದೇ ಅಲ್ಲಿ.

ಆದರೆ ನಮ್ಮ ಮನೆಯವರಿಗೆ ಒಲೆ ಮೇಲೆ ಏನಾದರೂ ಸುಮ್ನೆ ಕೂತಿದ್ದರೆ ಅದು ತಳ ಹಿಡಿಯುತ್ತಿದೆ ಎಂದೇ ಲೆಕ್ಕ. ಮೊನ್ನೆ ಶನಿವಾರ ಮೊಟ್ಟೆ ಒಡೆದು ಮುಚ್ಚಳ ಹಾಕಿದ್ದೆ, ಕೊರಿಯರ್ ಹುಡುಗ ಬಂದು ಓಟಿಪಿ ಕೇಳಿದ. ಅದು ಬರಲು ತಡವಾಯಿತು. ಒಳಗಿಂದ ಸೌಟಿನ ಸದ್ದು ಮಾತ್ರ ತಡ ಮಾಡಲಿಲ್ಲ. ಓಡಿ ಹೋದೆ. ಸೌಟಿನ ಅಂಚು ತಾಗಿ ಒಂದು ಹಳದಿ ಆಗಲೇ ಒಡೆದಿತ್ತು. ಅದು ಕೆಂಪು ಗೊಜ್ಜಿನ ಮೇಲೆ ನಿಧಾನವಾಗಿ ಹರಡಿ, ಅಂಚಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಮಿಕ್ಕ ಮೂರರ ಕಡೆ ಸೌಟು ಹೊರಟಿತ್ತು.

"ಹಾಗೇ ಬಿಟ್ಟು ಹೋಗಿದ್ದೀಯಲ್ಲಮ್ಮಾ, ಸೀದು ಹೋಗ್ತಿತ್ತು" ಎಂದರು ಅತ್ತೆ. ಶನಿವಾರ ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಕೈಯಾಡಿಸುವುದಕ್ಕೆ ವಾರ ಗೀರ ಏನೂ ಇಲ್ಲ.

ಇನ್ನೊಂದು ಸಲ ಸೌಟನ್ನೇ ಅಡಗಿಸಿಟ್ಟೆ. ಮಾವ ಬಂದು ಇಕ್ಕಳದಲ್ಲಿ ಬಾಣಲೆ ಹಿಡಿದು ಎರಡು ಸಲ ಕುಲುಕಿ ಹೋದರು. ನಮ್ಮೆಜಮಾನರದ್ದು ಬೇರೆ ಖಾಯಿಲೆ. ಅವರು ಮುಟ್ಟುವುದಿಲ್ಲ, ಬರೀ ನೋಡುತ್ತಾರೆ. ನಿಮಿಷಕ್ಕೊಂದು ಸಲ ಮುಚ್ಚಳ ತೆಗೆದು, "ಬೆಂದಿಲ್ಲ ಕಣೇ" ಎಂದು ಮುಚ್ಚುತ್ತಾರೆ. ಮೇಲಿನ ಬಿಳಿ ಬೇಯಬೇಕಾದದ್ದು ಆ ಹಬೆಯಲ್ಲಿ. ಹಬೆಯೆಲ್ಲ ಇವರ ಕನ್ನಡಕದ ಮೇಲೆ! ಹೊತ್ತಾದ ಮೇಲೆ ನೋಡಿದರೆ ತಳದಲ್ಲಿ ಹಳದಿ ಕಲ್ಲು, ಮೇಲೆ ಬಿಳಿ ಲೋಳೆ. ಕೊನೆಗೆ ಅದನ್ನೂ ಕಲಸಿದ್ದೇ.

ಟರ್ಕಿಯಲ್ಲಿ ಮೆನೆಮೆನ್ ಅಂತ ಒಂದಿದೆ. ಇಜ್ಮಿರ್ ಹತ್ತಿರದ ಊರಿನ ಹೆಸರೂ ಅದೇ. ಟೊಮೆಟೊ, ಹಸಿ ಮೆಣಸಿನಕಾಯಿ, ಮೊಟ್ಟೆ, ಎಲ್ಲ ಹೆಚ್ಚುಕಮ್ಮಿ ಇದೇ ಸಾಮಾನು. ಆದರೆ ಅವರು ಮೊಟ್ಟೆ ಹಾಕಿದ ಮೇಲೆ ಚೆನ್ನಾಗಿ ಕೈಯಾಡಿಸುತ್ತಾರೆ. ಹಾಗಾಗಿ ಈಗ ನಾನು ಬಾಣಲೆಯನ್ನು ಟೇಬಲ್ ಮೇಲಿಟ್ಟು, "ಇವತ್ತು ಮೆನೆಮೆನ್" ಎಂದುಬಿಡುತ್ತೇನೆ.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನೋಡಿದ್ಯಾ, ಅಲ್ಲೂ ಅಡುಗೆ ಬಲ್ಲವರಿದ್ದಾರೆ" ಎಂದರು.