ಅಟ್ಟದ ಕೊಬ್ಬರಿ, ಅಂಗಳದ ಕಾರು

ಪ್ರಥಮ ಪಿಯುಸಿ ಮಕ್ಕಳಿಗೆ ಲೆಕ್ಕಶಾಸ್ತ್ರದ ಪಾಠ ಮಾಡುವವನು ನಾನು. ಪ್ರತಿವರ್ಷ ಸವಕಳಿಯ ಅಧ್ಯಾಯ ಬಂದಾಗ ಕಪ್ಪುಹಲಗೆಯ ಮೇಲೆ ಒಂದು ಕಾರಿನ ಉದಾಹರಣೆ ಬರೆದು, ಕೊಂಡ ದಿನದಿಂದಲೇ ಅದರ ಬೆಲೆ ಹೇಗೆ ಕರಗುತ್ತ ಹೋಗುತ್ತದೆ ಎಂಬುದನ್ನು ಹದಿನೇಳು ವರ್ಷಗಳಿಂದ ವಿವರಿಸುತ್ತ ಬಂದಿದ್ದೇನೆ. ಹೀಗಿದ್ದೂ 2023ರ ಒಂದು ಭಾನುವಾರ ಬೆಳಿಗ್ಗೆ, ಒಂಬತ್ತು ವರ್ಷ ಹಳೆಯದಾದ ಕೆಂಪು ಕಾರೊಂದನ್ನು ಐದು ಲಕ್ಷದ ಇಪ್ಪತ್ತು ಸಾವಿರಕ್ಕೆ ಕೊಂಡು, ತುಮಕೂರಿನ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, "ಇದು ಖರ್ಚಲ್ಲ, ಹೂಡಿಕೆ" ಎಂದು ಹೆಂಡತಿಗೆ ಹೇಳಿದೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಇದೇ ದುಡ್ಡಿಗೆ ಚಿನ್ನ ತಂದಿದ್ದರೆ ಇಷ್ಟು ಗೀರು ಇರುತ್ತಿರಲಿಲ್ಲ ಅಲ್ವೇನ್ರೀ?" ಎಂದಳು.

ಕಾರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ಕಾರನ್ನು ಇಟ್ಟುಕೊಂಡಿರುವವರು ನನ್ನ ಮೇಲೆ ಮುನಿಸಿಕೊಳ್ಳುವುದಷ್ಟೇ ಅಲ್ಲ, ಅದಕ್ಕೆ ಉಳಿದಿರುವ ಅಲ್ಪಸ್ವಲ್ಪ ಬೆಲೆಯೂ ಈ ಬರಹದಿಂದಲೇ ಬಿದ್ದುಹೋಗಬಹುದು. ಬಲ್ಲವರು ಇಂಥ ಕಾರನ್ನು 'ಹಾಟ್ ಹ್ಯಾಚ್' ಎನ್ನುತ್ತಾರೆ. ಸಂಸಾರಸ್ಥರು ಕೊಳ್ಳುವ ಸಾಧಾರಣ ಗಿಡ್ಡ ಕಾರಿನೊಳಗೆ ಅದರ ಮೈಕಟ್ಟಿಗೆ ಮೀರಿದ ಎಂಜಿನ್ ಇಟ್ಟರೆ ಅದು ಹಾಟ್ ಹ್ಯಾಚ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಸಂತೆಗೆ ಹೋಗುವ ಗಾಡಿಗೆ ಓಟದ ಹಳ್ಳಿಕಾರ್ ಹೋರಿಗಳನ್ನು ಕಟ್ಟಿದಂತೆ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಗೊತ್ತಾಗುವುದು ಓಡಿಸುವವನಿಗೆ ಮತ್ತು ಪೆಟ್ರೋಲ್ ಬಂಕಿನವನಿಗೆ ಮಾತ್ರ.

ಹೂಡಿಕೆಯ ಹುಳು ನನ್ನ ತಲೆಯನ್ನು ಹೊಕ್ಕದ್ದು ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಜಿಟಿಐ ಎಂಬ ಹಾಟ್ ಹ್ಯಾಚ್ ಕಾರಿನ ಕತೆಯಿಂದ. 1976ರಲ್ಲಿ ಅದು ಜರ್ಮನಿಯ ಮಾರುಕಟ್ಟೆಗೆ ಬಂದಾಗ ತಯಾರಕರು 5,000 ಕಾರುಗಳ ಲೆಕ್ಕವಷ್ಟೇ ಹಾಕಿಕೊಂಡಿದ್ದರು. 1,600 ಸಿಸಿ ಎಂಜಿನ್, 110 ಅಶ್ವಶಕ್ತಿ, ಗೇರಿನ ತುದಿಗೆ ಗಾಲ್ಫ್ ಚೆಂಡಿನಂಥ ಒಂದು ಗುಂಡು, ಸೀಟಿಗೆ ಚೌಕುಳಿಯ ಬಟ್ಟೆ. ಜನ ಮುಗಿಬಿದ್ದು, ಮೊದಲ ಪೀಳಿಗೆಯ ಕಾರುಗಳೇ ನಾಲ್ಕೂವರೆ ಲಕ್ಷ ದಾಟಿದವು. ಅವುಗಳಲ್ಲಿ ಬಹಳಷ್ಟು ತುಕ್ಕು ಹಿಡಿದೋ ಮರಕ್ಕೆ ಗುದ್ದಿಯೋ ಗುಜರಿ ಸೇರಿದ ಮೇಲೆ, ಅಚ್ಚುಕಟ್ಟಾಗಿ ಉಳಿದುಕೊಂಡ ಕೆಲವಕ್ಕೆ ಯುರೋಪಿನ ಹರಾಜುಗಳಲ್ಲಿ ಹೊಸದರ ಹಲವು ಪಟ್ಟು ಬೆಲೆ ಬಂತು. 1984ರ ಪ್ಯೂಜೊ 205 ಜಿಟಿಐ ಕಾರಿನದೂ ಇದೇ ಜಾತಕ. ಇಷ್ಟನ್ನು ಓದಿ ಪುಳಕಗೊಂಡ ನಾನು, ಉಳಿದವುಗಳ ಬೆಲೆ ಏರಿದ್ದು ಬೇರೆಯವು ಸತ್ತದ್ದರಿಂದ ಎಂಬ ಸಣ್ಣ ಸಂಗತಿಯನ್ನು ಗಮನಿಸದೆ ಹೋದೆ. ನನ್ನ ಕಾರಿಗೆ ಬೆಲೆ ಬರಬೇಕಾದರೆ ಅದರ ಒಡಹುಟ್ಟಿದ ಸಾವಿರಾರು ಕಾರುಗಳು ಮೊದಲು ಗುಜರಿಗೆ ಹೋಗಬೇಕು. ಆದರೆ ನಮ್ಮ ದೇಶದಲ್ಲಿ ಯಾರೂ ಕಾರನ್ನು ಸುಲಭವಾಗಿ ಸಾಯಲು ಬಿಡುವುದಿಲ್ಲವಲ್ಲ.

ಹಾಗೆಂದು ವಿರಳವಾಗಿದ್ದರೆ ಸಾಕೆಂದೂ ಹೇಳುವಂತಿಲ್ಲ. 2016ರ ಕೊನೆಗೆ ಮೂರು ಬಾಗಿಲಿನ ಪೋಲೊ ಜಿಟಿಐ ಭಾರತಕ್ಕೆ ಬಂದಾಗ ಇಡೀ ದೇಶಕ್ಕೆ 99 ಕಾರುಗಳೆಂದು ಗೊತ್ತುಮಾಡಿ, ಸುಮಾರು 26 ಲಕ್ಷ ಬೆಲೆ ಇಟ್ಟಿದ್ದರು. ಮರುವರ್ಷ ಸುಮಾರು ಆರು ಲಕ್ಷ ಇಳಿಸಬೇಕಾಯಿತು. 26 ಲಕ್ಷ ಕೊಡುವ ಯೋಗ್ಯತೆ ಇರುವ ಗೃಹಸ್ಥನಿಗೆ ಒಬ್ಬ ಅತ್ತೆಯಾದರೂ ಇದ್ದೇ ಇರುತ್ತಾರೆ. ಮುಂದಿನ ಸೀಟನ್ನು ಮಡಚಿ ಆಕೆಯನ್ನು ಹಿಂದಕ್ಕೆ ಹತ್ತಿಸುವುದು ಹೇಗೆ ಎಂಬುದನ್ನು ಜಿಟಿಐ ಮಾಡಿದವರು ಯೋಚಿಸಿರಲಿಲ್ಲವೆಂದು ತೋರುತ್ತದೆ. 2015ರ ಅಬಾರ್ತ್ ಪುಂಟೊ 145 ಅಶ್ವಶಕ್ತಿಯನ್ನು ಹತ್ತು ಲಕ್ಷದೊಳಗಿನ ಶೋರೂಂ ಬೆಲೆಗೆ ಕೊಟ್ಟಿತು. ಅದನ್ನು ಕೊಂಡವರಿಗಿಂತ ಹೊಗಳಿದವರೇ ಹೆಚ್ಚು. ನನ್ನ ಕಾರು ಇವೆರಡರ ಸಾಲಿಗೂ ಸೇರದು. ತಯಾರಿಕೆ ನಿಂತಿದೆ ಎಂಬುದೊಂದೇ ಅದರ ಹಿರಿಮೆ.

ಕಾರಿನ ಜೊತೆಗೆ ನನ್ನ ತಂದೆಯವರ ಕೊಬ್ಬರಿಯ ವಿಷಯವನ್ನೂ ಹೇಳಬೇಕು, ಏಕೆಂದರೆ ನಮ್ಮ ಮನೆಯಲ್ಲಿ ಒಂದನ್ನು ಬಿಟ್ಟು ಇನ್ನೊಂದರ ಮಾತು ಬರುವುದೇ ಇಲ್ಲ. ಗುಬ್ಬಿಯ ಹತ್ತಿರ ಅವರದೊಂದು ತೆಂಗಿನ ತೋಟವಿದೆ. ಬಲಿತ ಕಾಯಿಗಳನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ಕಾಯುವುದು ಅವರ ಪದ್ಧತಿ. ನಾನು ಕಾರು ಕೊಂಡ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 8,000 ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. ವಾಣಿಜ್ಯಶಾಸ್ತ್ರದ ಪದವೀಧರನಾದ ನಾನು ತಂದೆಯವರ ಎದುರು ಕುಳಿತು, ತೆಂಗನ್ನು ನಂಬಿ ಕೆಡಬೇಡಿರೆಂದೂ, ಅರ್ಧ ತೋಟ ತೆಗೆಸಿ ಬೇರೇನಾದರೂ ಮಾಡೋಣವೆಂದೂ ಒಂದು ಗಂಟೆ ಉಪದೇಶ ಮಾಡಿದೆ. ಅವರು ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಆ ಕೆಂಪು ಕಾರಿಗೆ ಎಷ್ಟಾಯಿತಪ್ಪಾ?" ಎಂದಷ್ಟೇ ಕೇಳಿದರು. 2025ರಲ್ಲಿ ಅದೇ ಕೊಬ್ಬರಿ ಕ್ವಿಂಟಲ್‌ಗೆ 20,000 ದಾಟಿತು. ಅಂದಿನಿಂದ ಅವರು ನನ್ನನ್ನು ಏನನ್ನೂ ಕೇಳುತ್ತಿಲ್ಲ.

ಕಾರು ಕೊಂಡ ಹೊಸದರಲ್ಲಿ ನಾನು ಎಲ್ಲ ಶಾಸ್ತ್ರಗಳನ್ನೂ ಪರಿಶೀಲಿಸಿದೆ. ಸ್ವಂತ ಬಳಕೆಯ ಕಾರು ಆದಾಯ ತೆರಿಗೆಯವರ ಕಣ್ಣಿನಲ್ಲಿ ಬಂಡವಾಳ ಆಸ್ತಿಯೇ ಅಲ್ಲ, ಆದ್ದರಿಂದ ಮಾರಿ ಲಾಭ ಬಂದರೆ ಅದಕ್ಕೆ ತೆರಿಗೆಯಿಲ್ಲ ಎಂದು ಆಡಿಟರ್ ಮಿತ್ರರು ಹೇಳಿದಾಗ ನಾನು ಹಿಗ್ಗಿದೆ. ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟು, "ನಷ್ಟವಾದರೂ ಅದನ್ನು ಎಲ್ಲಿಯೂ ತೋರಿಸಿಕೊಳ್ಳುವಂತಿಲ್ಲ ಮೇಷ್ಟ್ರೇ, ನಿಮಗೆ ಅದೇ ಮುಖ್ಯ" ಎಂದರು. ವಿಮೆಯ ಕೋಷ್ಟಕದ ಪ್ರಕಾರ ಕಾರಿನ ಬೆಲೆ ಐದನೆಯ ವರ್ಷದ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ. ಆಮೇಲಿನದು ಕಂಪನಿ ಮತ್ತು ಮಾಲೀಕನ ಪರಸ್ಪರ ಒಪ್ಪಿಗೆಗೆ ಬಿಟ್ಟದ್ದು. ಪರಸ್ಪರ ಎಂಬ ಪದಕ್ಕೆ ಇಷ್ಟು ಏಕಪಕ್ಷೀಯ ಅರ್ಥವಿದೆಯೆಂದು ನನಗೆ ತಿಳಿದದ್ದು ಆ ವರ್ಷದ ನವೀಕರಣದಲ್ಲಿ.

ಆರ್‌ಟಿಒ ಲೆಕ್ಕ ಇನ್ನೂ ಸ್ವಾರಸ್ಯದ್ದು. 2029ಕ್ಕೆ ನನ್ನ ಕಾರಿಗೆ 15 ವರ್ಷ ತುಂಬುತ್ತದೆ. ಅಲ್ಲಿಂದ ಮುಂದೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. 15 ದಾಟಿದ ಕಾರಿನ ನವೀಕರಣಕ್ಕೆ 5,000 ರೂಪಾಯಿ, 20 ದಾಟಿದರೆ 10,000. ವಿಂಟೇಜ್ ಎಂದು ಮರ್ಯಾದೆಯಿಂದ ಕರೆಸಿಕೊಳ್ಳಬೇಕಾದರೆ ಮೊದಲ ನೋಂದಣಿಯಿಂದ 50 ವರ್ಷ ಕಳೆಯಬೇಕು, ಎಂದರೆ 2064. ಆಗ ನನಗೆ 85. ಸರಿ, ಹೇಗೋ ಬದುಕಿದ್ದೇನೆಂದೇ ಇಟ್ಟುಕೊಳ್ಳೋಣ. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲವಂತೆ. ನಾನೂ ಆಗ ದಿನನಿತ್ಯ ರಸ್ತೆಯಲ್ಲಿ ಓಡಾಡುವ ಸ್ಥಿತಿಯಲ್ಲಿ ಇರಲಾರೆನಾದ್ದರಿಂದ ನಮ್ಮಿಬ್ಬರಿಗೂ ಅದು ಹೊಂದಿಕೆಯಾದೀತು.

ನಿಜವಾದ ಕಷ್ಟ ಆರಂಭವಾದದ್ದು ಮೀಟರಿನಿಂದ. ಕಡಿಮೆ ಓಡಿದ ಕಾರಿಗೆ ಹೆಚ್ಚು ಬೆಲೆ ಎಂಬುದು ಹೂಡಿಕೆಯ ಮೊದಲ ಸೂತ್ರವಾದ್ದರಿಂದ, ಕಿಲೋಮೀಟರಿಗೆ ಎಷ್ಟು ಬೆಲೆ ತಗ್ಗುತ್ತದೆ ಎಂಬ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಬಟವಾಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತರುವುದರಿಂದ ಆಸ್ತಿಗೆ ಆಗುವ ನಷ್ಟ ಸೊಪ್ಪಿನ ಬೆಲೆಗಿಂತ ಹೆಚ್ಚೆಂದು ಕಂಡುಕೊಂಡು, ನಾನು ಹೆಂಡತಿಯ ಸ್ಕೂಟರಿನಲ್ಲಿ ಓಡಾಡತೊಡಗಿದೆ. ಅಂಗಳದಲ್ಲಿ ಕಾರು ಹೊದಿಕೆ ಹೊದ್ದು ಮಲಗಿತು. ಎರಡು ತಿಂಗಳಾದ ಮೇಲೆ ತೆಗೆದು ನೋಡಿದರೆ ಬ್ಯಾಟರಿ ಸತ್ತಿತ್ತು, ಟೈರುಗಳು ನಿಂತ ಕಡೆ ಚಪ್ಪಟೆಯಾಗಿದ್ದವು, ಬ್ರೇಕಿನ ಡಿಸ್ಕುಗಳ ಮೇಲೆ ಅರಿಸಿನ ಕುಂಕುಮ ಹಚ್ಚಿದಂತೆ ತುಕ್ಕು ಹಬ್ಬಿತ್ತು. ಬಾನೆಟ್ ಎತ್ತಿದಾಗ ಎಂಜಿನ್ನಿನ ಮೇಲೆ ಯಾರದೋ ಸಂಸಾರ ನಡೆದ ಗುರುತುಗಳಿದ್ದವು: ಹತ್ತಿ, ತೆಂಗಿನ ನಾರು, ಅರ್ಧ ತಿಂದ ಕಡಲೆಕಾಯಿ, ಮತ್ತು ಸಿಪ್ಪೆ ಸುಲಿದಂತೆ ಕಡಿದುಹಾಕಿದ ಏಳು ವೈರುಗಳು.

"ಮೇಷ್ಟ್ರೇ, ಓಡಿಸಿದರೆ ಸವೆಯುತ್ತೆ, ನಿಲ್ಲಿಸಿದರೆ ಕೊಳೆಯುತ್ತೆ, ಒಂದನ್ನ ಆರಿಸ್ಕೊಳ್ಳಿ" ಎಂದು ಹೇಳಿದ ಗ್ಯಾರೇಜಿನ ಹುಡುಗ, ಇಲಿಗೆ ಹೊಗೆಸೊಪ್ಪು ಕಟ್ಟಬೇಕೆಂದು ಸಲಹೆ ಕೊಟ್ಟ. ಕಡ್ಡಿ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಸುತ್ತಿ ಎಂಜಿನ್ನಿನ ನಾಲ್ಕು ಮೂಲೆಗೆ ಕಟ್ಟಿದೆ. ಇಲಿಗಳು ಹೋದವು. ಆದರೆ ಎಸಿ ಹಾಕಿದೊಡನೆ ಕಾರಿನ ತುಂಬ ಬೀಡಿ ಅಂಗಡಿಯ ವಾಸನೆ ತುಂಬಿಕೊಳ್ಳುತ್ತಿದ್ದುದರಿಂದ, ಸಿದ್ಧಗಂಗೆಯ ಜಾತ್ರೆಗೆಂದು ನಮ್ಮ ಜೊತೆ ಬಂದ ನಾದಿನಿ ದಾರಿಯುದ್ದಕ್ಕೂ ನನ್ನ ಬಾಯನ್ನೇ ಗಮನಿಸುತ್ತಿದ್ದು, ಮನೆಗೆ ಮರಳಿದ ಮೇಲೆ ಅಕ್ಕನನ್ನು ಒಳಗೆ ಕರೆದು, "ಭಾವ ಯಾವಾಗಿನಿಂದ ಹಾಕ್ತಾರೆ?" ಎಂದು ವಿಚಾರಿಸಿದಳಂತೆ.

ಇನ್ನೊಂದು ಅಪವಾದವೂ ಈ ಕಾರಿನಿಂದಲೇ ಬಂತು. ಟರ್ಬೊ ಎಂಬುದು ಎಂಜಿನ್ನು ಉಗುಳಿದ ಹೊಗೆಯ ರಭಸದಿಂದಲೇ ತಿರುಗಿ ಒಳಕ್ಕೆ ಹೆಚ್ಚು ಗಾಳಿ ತುಂಬುವ ಚಕ್ರ. ಅದು ಬಲು ಬಿಸಿಯಾಗುವುದರಿಂದ ಜೋರಾಗಿ ಓಡಿಸಿ ಬಂದ ಮೇಲೆ ಕೂಡಲೇ ಎಂಜಿನ್ ಆರಿಸದೆ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕೆನ್ನುತ್ತಾರೆ. ಬಿ.ಎಚ್. ರಸ್ತೆಯಲ್ಲಿ ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರಿನ ಹಿಂದೆ ಇಪ್ಪತ್ತರ ವೇಗದಲ್ಲಿ ತೆವಳಿ, ಪ್ರತಿ ರೋಡ್ ಹಂಪಿಗೂ ಹೊಟ್ಟೆ ಉಜ್ಜಿಸಿಕೊಂಡು ಬಂದ ಕಾರಿಗೆ ಈ ಉಪಚಾರ ಬೇಕಾಗಿರಲಿಲ್ಲ. ಆದರೂ ನಾನು ನಿಯಮ ತಪ್ಪದೆ ಗೇಟಿನ ಮುಂದೆ ಒಂದು ನಿಮಿಷ ಸ್ಟಿಯರಿಂಗ್ ಹಿಡಿದು ಮೌನವಾಗಿ ಕೂತಿರುತ್ತಿದ್ದೆ. ಎದುರು ಮನೆಯ ಆಂಟಿ ಇದನ್ನು ಮೂರು ವಾರ ನೋಡಿ, ನಮ್ಮ ಮನೆಯಲ್ಲಿ ಗಂಡ ಹೆಂಡಿರಿಗೆ ಸರಿಯಿಲ್ಲ, ಪಾಪ ಮೇಷ್ಟ್ರಿಗೆ ಒಳಗೆ ಹೋಗಲು ಧೈರ್ಯ ಸಾಲದು ಎಂದು ಬೀದಿಗೆಲ್ಲ ಹೇಳಿದರು.

ಎರಡು ವರ್ಷಕ್ಕೆ ನೋಟ್‌ಬುಕ್ಕಿನ ಖರ್ಚಿನ ಪುಟದ ಮೊತ್ತ 1,14,000 ಮುಟ್ಟಿದಾಗ ಮಾರಿಬಿಡುವುದೆಂದು ತೀರ್ಮಾನಿಸಿದೆ. ಬೆಂಗಳೂರಿನಿಂದ ಒಬ್ಬ ತರುಣ ಬಂದ. ಇಂಥ ಕಾರುಗಳ ಹುಚ್ಚು ಇರುವವನು. ಬಂದವನೇ ನನಗೆ ನಮಸ್ಕಾರ ಹೇಳುವ ಮೊದಲು ಕಾರಿಗೆ ಹೇಳಿದ. ಬಣ್ಣದ ದಪ್ಪವನ್ನು ಅಳೆಯುವ ಪುಟ್ಟ ಯಂತ್ರವೊಂದನ್ನು ಜೇಬಿನಿಂದ ತೆಗೆದು, ನಾಡಿ ನೋಡುವ ವೈದ್ಯರಂತೆ ಬಾಗಿಲು, ಬಾನೆಟ್, ಮೇಲ್ಛಾವಣಿಗೆಲ್ಲ ಒತ್ತಿ ನೋಡಿದ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಟಾರ್ಚ್ ಬಿಟ್ಟು ನೋಡಿ, "ಸಾರ್, ಇದು 2214" ಎಂದ. ಟೈರಿನ ಮೇಲಿನ ಆ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷವಂತೆ: 2014ರ ಇಪ್ಪತ್ತೆರಡನೆಯ ವಾರ. ಕಾರಿನ ಜೊತೆಗೇ ಬಂದ ಸ್ಟೆಪ್ನಿ, ಎಲ್ಲವೂ ಒರಿಜಿನಲ್ ಎಂದು ನಾನು ಹೆಮ್ಮೆಯಿಂದ ಹೇಳಿದೆ. "ಒರಿಜಿನಲ್ ಸರಿ ಸಾರ್, ಆದ್ರೆ ಇದನ್ನ ಹಾಕ್ಕೊಂಡು ಕ್ಯಾತ್ಸಂದ್ರದವರೆಗೂ ಹೋಗಬೇಡಿ" ಎಂದು ಅವನು ಕಳಕಳಿಯಿಂದ ಹೇಳಿದ. ಇಲಿ ಕಡಿದ ವೈರುಗಳಿಗೆ ಸುತ್ತಿದ ಟೇಪು ನೋಡಿ ನಿಟ್ಟುಸಿರು ಬಿಟ್ಟ. ಕೊನೆಗೆ ಮೂರು ಲಕ್ಷದ ಹತ್ತು ಸಾವಿರ ಎಂದ. ಫ್ಯಾಕ್ಟರಿಯ ಬಣ್ಣ ಒಂದು ಕಡೆಯೂ ಮುಟ್ಟಿಲ್ಲ, ಈ ಕಾರಿಗೆ ಉಳಿದಿರುವ ಬಲ ಅದೊಂದೇ, ಬಿಸಿಲಿಗೆ ಮಾತ್ರ ನಿಲ್ಲಿಸಬೇಡಿ ಎಂದು ಬುದ್ಧಿಯನ್ನೂ ಹೇಳಿದ.

ನಾನು ಒಪ್ಪಲಿಲ್ಲ. ಸವಕಳಿಯನ್ನು ಇಳಿದ ಬಾಕಿಯ ಮೇಲೆ ಲೆಕ್ಕ ಹಾಕುತ್ತ ಹೋದರೆ ಬೆಲೆ ಎಷ್ಟು ವರ್ಷವಾದರೂ ಸೊನ್ನೆ ಮುಟ್ಟುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಕೊಡುವವನಿಗೆ ಅವಸರವೇಕೆ? ಆದರೆ ಬಣ್ಣದ ಮಾತು ಮನಸ್ಸಿಗೆ ನಾಟಿತ್ತು. ನಮ್ಮ ಅಂಗಳಕ್ಕೆ ಮಧ್ಯಾಹ್ನವಿಡೀ ಬಿಸಿಲು. ಮರುವಾರ ಗುಬ್ಬಿಗೆ ಹೋದಾಗ ಕಾರನ್ನು ಕೆಲವು ದಿನ ತೋಟದಲ್ಲಿಯೇ ಬಿಟ್ಟು ಬರುವುದೆಂದುಕೊಂಡೆ. ಮನೆಯ ಪಕ್ಕದಲ್ಲಿ ದಟ್ಟ ನೆರಳಿನ ಹಲಸಿನ ಮರವಿದ್ದರೂ, ಅದರಲ್ಲಿ ಕೂರುವ ಹಕ್ಕಿಗಳ ಹಿಕ್ಕೆ ಬಣ್ಣಕ್ಕೆ ವಿಷವೆಂದು ಎಲ್ಲಿಯೋ ಓದಿದ್ದ ನಾನು, ಬಹಳ ವಿಚಾರ ಮಾಡಿ, ಕಾರನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಿದೆ.

ಊಟಕ್ಕೆ ಕೂತು ಎರಡನೆಯ ಸಲ ಸಾರು ಬಡಿಸಿಕೊಳ್ಳುವಾಗ ಆ ಶಬ್ದ ಕೇಳಿತು. ತಂದೆಯವರು ನನಗಿಂತ ಮೊದಲು ಎದ್ದರು. ಮೇಲ್ಛಾವಣಿಯ ನಟ್ಟನಡುವೆ, ದೋಸೆಯ ಹಿಟ್ಟು ಹುಯ್ಯಲು ಅಳತೆ ತೆಗೆದು ಮಾಡಿಸಿದಂಥ ದುಂಡನೆಯ ತಗ್ಗು ಬಿದ್ದಿತ್ತು. ಕಾಯಿ ಉರುಳಿಕೊಂಡು ಹೋಗಿ ಪಾತಿಯಲ್ಲಿ ನಿಂತಿತ್ತು. ತಂದೆಯವರು ಕಾರಿನ ಪಕ್ಕದಿಂದಲೇ ಹಾದು ಹೋಗಿ, ಕಾಯಿಯನ್ನು ಎತ್ತಿಕೊಂಡು ಮಣ್ಣು ಒರೆಸಿ, ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು. "ನೀರಿದೆ. ಏನೂ ಆಗಿಲ್ಲ ಬಿಡು" ಎಂದರು.

ಕಾರನ್ನು ಅಲ್ಲಿ ಬಿಡುವ ಮಾತು ಮತ್ತೆ ಬರಲಿಲ್ಲ. ಸಂಜೆ ಹೊರಡುವಾಗ ಅವರು, ಬರಿಗೈಯಲ್ಲಿ ಹೋಗಬಾರದೆಂದು ಅದೇ ಕಾಯಿಯನ್ನು ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಇಟ್ಟರು. ಪ್ರತಿ ತಿರುವಿಗೂ ಅದು ಈ ಕಡೆಯಿಂದ ಆ ಕಡೆಗೆ ಉರುಳುವ ಸದ್ದು ಕೇಳಿಸುತ್ತಿತ್ತು. ಮಲ್ಲಸಂದ್ರ ದಾಟಿದ ಮೇಲೆ ರಸ್ತೆ ಬರಿದಾಗಿತ್ತು. ಮುಂದೆ ಟ್ರ್ಯಾಕ್ಟರೂ ಇರಲಿಲ್ಲ, ಹಂಪೂ ಇರಲಿಲ್ಲ. ಗೇರನ್ನು ಒಂದು ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಟರ್ಬೊ ಒಮ್ಮೆ ಉಸಿರೆಳೆದುಕೊಂಡಿತು, ಬೆನ್ನು ಸೀಟಿಗೆ ಒತ್ತಿಕೊಂಡಿತು, ಹಿಂದುಗಡೆ ಕಾಯಿ ಧಡ್ಡೆಂದು ಡಿಕ್ಕಿಯ ಬಾಗಿಲಿಗೆ ಬಡಿಯಿತು. ಮೀಟರಿನ ಕಡೆಗೆ ನಾನು ನೋಡಲಿಲ್ಲ.