ಸ್ಪಷ್ಟನೆ: ದುಬಾರಿ ಕೇಬಲ್‌ನಿಂದ ಚಂಡೆಯ ನಾದ ತಿಳಿಯಾಗದು

ಸ್ಪೀಕರ್ ಹಳೆಯದಾದರೂ ದುಬಾರಿ ಕೇಬಲ್ ಹಾಕಿದರೆ ಯಕ್ಷಗಾನದ ಚಂಡೆ ಎದುರಿಗೇ ಬಾರಿಸಿದಂತೆ ಕೇಳುತ್ತದೆ ಎಂಬ ಮಾತು ಶಿರಸಿ, ಕಾರವಾರದ ಕಡೆ ಹರಿದಾಡುತ್ತಿದೆ. ಇದು ಸರಿಯಲ್ಲ. 2.5 ಚದರ ಮಿ.ಮೀ. ದಪ್ಪದ ಸಾಮಾನ್ಯ ತಾಮ್ರದ ತಂತಿ 5 ಮೀಟರ್ ಎಳೆದರೆ, ಹೋಗಿಬರುವ ಒಟ್ಟು ರೋಧ (ವಿದ್ಯುತ್ತಿಗೆ ತಂತಿ ಒಡ್ಡುವ ತಡೆ) ಸುಮಾರು 0.07 ಓಮ್. 8 ಓಮ್ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ನಾದವನ್ನು ನಿರ್ಧರಿಸುವುದು ಸ್ಪೀಕರ್, ಅದರಷ್ಟೇ ಕೋಣೆ. ಟೈಲ್ಸ್ ನೆಲ, ಬರಿಗೋಡೆಯ ಹಾಲ್‌ನಲ್ಲಿ ಚಂಡೆಯ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ಭಾಗವತರ ಪದವೇ ತಿಳಿಯದು. ದಪ್ಪ ಜಮಖಾನ ಹಾಸಿ, ಪರದೆ ಕಟ್ಟಿ, ಸ್ಪೀಕರನ್ನು ಮೂಲೆಯಿಂದ ಈಚೆ ತನ್ನಿ. ಆಂಪ್ಲಿಫೈಯರ್‌ಗೆ ತಕ್ಕಷ್ಟು ಶಕ್ತಿಯಿದ್ದರೆ ಸಾಕು.

ಕರಾವಳಿಯವರಿಗೆ ಇನ್ನೊಂದು ಮಾತು: ಉಪ್ಪುಗಾಳಿಗೆ ತಂತಿಯ ತುದಿ ಹಸಿರುಗಟ್ಟುತ್ತದೆ. ಅದಕ್ಕೆ ಹೊಸ ಕೇಬಲ್ ಬೇಡ, ತುದಿ ಕತ್ತರಿಸಿ ಮತ್ತೆ ಬಿಗಿಯಿರಿ.